ಹತ್ತು ನಿಮಿಷಕ್ಕೆ ಎಷ್ಟು ತಾಸು?

ಹಾಸನದ ಬಸ್ ಸ್ಟ್ಯಾಂಡಿನಿಂದ ನಡೆದೇ ಬರಬಹುದಾದ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂತು ನನಗೆ ಒಂಬತ್ತು ವರ್ಷವಾಯಿತು. ಇಪ್ಪತ್ತೆರಡು ರೂಮು, ಲಿಫ್ಟ್ ಇಲ್ಲ, ಬಿಸಿನೀರು ಬೆಳಗ್ಗೆ ಆರರಿಂದ ಒಂಬತ್ತು. ಮೆಡಿಕಲ್ ರೆಪ್‌ಗಳು ಬರುತ್ತಾರೆ, ಹಿಮ್ಸ್ ಆಸ್ಪತ್ರೆಯಲ್ಲಿ ಮನೆಯವರನ್ನು ಸೇರಿಸಿದವರು ಬರುತ್ತಾರೆ, ಪರೀಕ್ಷೆ ಬರೆಯುವ ಹುಡುಗರು, ಹಾಸನದಲ್ಲಿ ಉಳಿದರೆ ಖರ್ಚು ಕಮ್ಮಿ ಅಂತ ಲೆಕ್ಕ ಹಾಕಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಇಲ್ಲಿಂದಲೇ ಓಡಾಡುವವರು. ವರ್ಷಕ್ಕೊಂದು ಸಲ ಹಾಸನಾಂಬೆ ಬಾಗಿಲು ತೆಗೆದಾಗ ಇಡೀ ಕರ್ನಾಟಕವೇ ಬರುತ್ತದೆ.

ಕಡಿಮೆ ದುಡ್ಡಿನ ಲಾಡ್ಜುಗಳಲ್ಲಿ ರೂಮಿಗಿಂತ ಕೌಂಟರೇ ಹಿಂಸೆ ಅಂತ ಜನ ಬೈಯುತ್ತಾರೆ. ಬೈಯುವುದು ಸುಳ್ಳೇನಲ್ಲ. ಆ ಬೈಗುಳದಲ್ಲಿ ನನ್ನ ಪಾಲೆಷ್ಟು ಅಂತ ನನಗೆ ಗೊತ್ತಾಗಿದ್ದು 2023ರ ಹಾಸನಾಂಬ ಜಾತ್ರೆಯಲ್ಲಿ.

ಆಶ್ವಯುಜ ಹುಣ್ಣಿಮೆ ಕಳೆದು ಬರುವ ಗುರುವಾರ ದೇವಸ್ಥಾನದ ಬಾಗಿಲು ತೆರೆದರೆ ಬಲಿಪಾಡ್ಯಮಿಯ ಆಸುಪಾಸಿನಲ್ಲಿ ಮುಚ್ಚುತ್ತಾರೆ. ಅಷ್ಟೂ ದಿನ ನಮಗೆ ನಿದ್ದೆ ಇಲ್ಲ. ಆ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಬಸ್ಸುಗಳ ತುಂಬ ಹೆಂಗಸರು. (ಇಲ್ಲೊಂದು ತಮಾಷೆ ಇದೆ. ದುಡ್ಡು ಕೊಡದೆ ಬಸ್ಸಿನಲ್ಲಿ ಬರಬೇಕಾದರೆ ಆಧಾರೋ ಬೇರೆ ಐಡಿಯೋ ತೋರಿಸಬೇಕಲ್ಲ, ಅದಕ್ಕೆ ಅಂದಿನಿಂದ ಹೆಂಗಸರ ಪರ್ಸಿನಲ್ಲಿ ಕಾರ್ಡು ಸದಾ ಸಿದ್ಧ. ಈಗ ಐಡಿ ಇಲ್ಲದೆ ಕೌಂಟರಿನಲ್ಲಿ ತಡಬಡಾಯಿಸುವವರು ಗಂಡಸರು.)

ಬಾಗಿಲು ತೆಗೆದ ಮೊದಲನೇ ಶನಿವಾರ, ಬೆಳಗಿನ ಜಾವ ಐದೂಕಾಲು. ಹುಬ್ಬಳ್ಳಿ ಬಸ್ಸಿಳಿದ ಏಳು ಜನ ಒಳಗೆ ಬಂದರು. ಆ್ಯಪ್‌ನಲ್ಲಿ ಎರಡು ರೂಮು ಬುಕ್ ಮಾಡಿದ್ದಾರೆ, ಅದೇ ದಿನದ ತಾರೀಖು. ಆ್ಯಪ್ ಲೆಕ್ಕದಲ್ಲಿ ಅವರ ರೂಮು ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಅದನ್ನು ಯಾರು ಓದಿರುತ್ತಾರೆ? ಶನಿವಾರ ಬೆಳಗ್ಗೆ ಇಳಿಯುತ್ತೇವೆ, ಶನಿವಾರಕ್ಕೆ ಬುಕ್ ಮಾಡಿದ್ದೇವೆ, ಅಷ್ಟೆ. ಬೆಳಗಿನ ಜಾವ ರೂಮು ಬೇಕಿದ್ದರೆ ಶುಕ್ರವಾರದ ರಾತ್ರಿಗೆ ಬುಕ್ ಮಾಡಬೇಕು ಅನ್ನುವುದು ರಾತ್ರಿ ಬಸ್ಸಿನಲ್ಲಿ ಬರುವ ಹತ್ತರಲ್ಲಿ ಎಂಟು ಜನಕ್ಕೆ ಹೊಳೆಯುವುದೇ ಇಲ್ಲ. ನಾವೂ ಹೇಳುವುದಿಲ್ಲ.

ಇನ್ನೊಂದು ತೊಡಕಿದೆ. ನಮ್ಮಂಥ ಹಳೇ ಲಾಡ್ಜುಗಳಲ್ಲಿ ಬಾಗಿಲಿಗೇ ಬೋರ್ಡು ತಗುಲಿಸಿರುತ್ತೇವೆ: ‘24 ಗಂಟೆ ಚೆಕ್ ಔಟ್’. ನೇರ ಬಂದವನು ಬೆಳಗ್ಗೆ ಎಂಟೂವರೆಗೆ ರೂಮು ಹಿಡಿದರೆ ಮರುದಿನ ಎಂಟೂವರೆವರೆಗೂ ಅದು ಅವನದೇ. ಆ್ಯಪ್‌ನವನಿಗೆ ಹನ್ನೆರಡರಿಂದ ಹನ್ನೊಂದು. ಒಂದೇ ಕೌಂಟರಿನಲ್ಲಿ ಎರಡು ಗಡಿಯಾರ ಓಡುತ್ತಿರುತ್ತವೆ. ಜಗಳವೆಲ್ಲ ಹುಟ್ಟುವುದು ಆ ಎರಡರ ನಡುವಿನ ಸಂದಿಯಲ್ಲಿ.

ಆ ದಿನ ಮೇಲಿನ ಎರಡು ರೂಮಿನವರು ಆರಕ್ಕೆಲ್ಲ ಬಿಡುತ್ತೇವೆ ಅಂತ ರಾತ್ರಿಯೇ ಹೇಳಿದ್ದರು. ಆ ಮಾತು ನಂಬಿಕೊಂಡು ನಾನು ಬಾಯಿಪಾಠ ಒಪ್ಪಿಸಿದೆ: “ಹತ್ತು ನಿಮಿಷ ಕೂತ್ಕೊಳ್ಳಿ ಸಾರ್, ರೆಡಿ ಮಾಡಿಸ್ತೀನಿ.”

ಆರಾಯಿತು, ಮೇಲಿನವರು ಎದ್ದಿಲ್ಲ. ಬಾಗಿಲು ಬಡಿದರೆ, “ನಮಗೆ ಎಂಟೂವರೆವರೆಗೂ ಟೈಮ್ ಇದೆಯಲ್ರೀ” ಅಂದರು. ನ್ಯಾಯವೇ. ಕೆಳಗೆ ಬಂದು ಮತ್ತೆ “ಇನ್ನೊಂದು ಹತ್ತು ನಿಮಿಷ” ಅಂದೆ. ಬಂದವರಲ್ಲಿ ಹಿರೀಮಗ ಕೂಗಾಡಿದರು, ದುಡ್ಡು ವಾಪಸ್ ಕೊಡಿ ಅಂದರು, ರಿವ್ಯೂ ಹಾಕುತ್ತೇನೆ ಅಂದರು. ಅದೆಲ್ಲ ಅಭ್ಯಾಸವಾಗಿರುತ್ತದೆ, ಕಿವಿಗೆ ಬೀಳುತ್ತದೆ, ಮನಸ್ಸಿಗೆ ಇಳಿಯುವುದಿಲ್ಲ. ಅವರ ತಾಯಿ ಮಾತ್ರ ಕೂಗಲಿಲ್ಲ. ಎಪ್ಪತ್ತರ ಮೇಲಿನ ವಯಸ್ಸು. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿದ ಇಳಕಲ್ ಸೀರೆ ತೊಡೆಯ ಮೇಲಿಟ್ಟುಕೊಂಡು, ನಮ್ಮ ಮುರುಕಲು ಸೋಫಾದ ತುದಿಯಲ್ಲಿ ಕೂತಿದ್ದರು. ದರ್ಶನ ಆಗುವವರೆಗೂ ಏನೂ ಮುಟ್ಟುವುದಿಲ್ಲವಂತೆ, ನಾನು ತರಿಸಿದ ಟೀ ಹಾಗೇ ಆರಿತು. ಮಧ್ಯೆ ಮೂರು ಸಲ ಕೇಳಿದರು, “ಆತೇನು ತಮ್ಮಾ?” ಮೂರು ಸಲವೂ ನಾನು “ಆಯ್ತಮ್ಮ, ಹತ್ತು ನಿಮಿಷ” ಅಂದೆ.

ಏಳೂಮುಕ್ಕಾಲಿಗೆ ಅವರ ಸೊಸೆಗೆ ಫೋನ್ ಬಂತು. ಅದೇ ಬಸ್ಸಿನಲ್ಲಿ ಬಂದು ಸೀದಾ ಸಾಲಿಗೆ ಹೋಗಿದ್ದ ಪರಿಚಯದವರು. ದರ್ಶನ ಮುಗಿಸಿ ಇಡ್ಲಿ ತಿನ್ನುತ್ತಾ ಕೂತಿದ್ದರು. ಆ ಹೊತ್ತಿಗೆ ಸಾಲು ದುಪ್ಪಟ್ಟಾಗಿತ್ತು.

ಎಂಟೂ ಹತ್ತಕ್ಕೆ ರೂಮು ಗುಡಿಸಿ, ಬೆಡ್‌ಶೀಟ್ ಬದಲಾಯಿಸಿ ಕೀ ಕೊಟ್ಟೆ. ಆ ಅಮ್ಮ ಮೆಟ್ಟಿಲು ಹತ್ತುವ ಮೊದಲು ಕೌಂಟರಿನ ಮುಂದೆ ನಿಂತರು. “ತಮ್ಮಾ, ಮೊದಲ ಇಲ್ಲ ಅಂದಿದ್ದರ ಬಸ್ ಸ್ಟ್ಯಾಂಡಿನಾಗ ಝಳಕಾ ಮಾಡಿ ಪಾಳಿ ಹಚ್ಚತಿದ್ವಿ. ಹತ್ತು ನಿಮಿಷ ಅಂದಿ. ನಿನ್ನ ಗಡಿಯಾರದಾಗ ಹತ್ತು ನಿಮಿಷಕ್ಕ ಎಷ್ಟು ತಾಸು?”

ಉತ್ತರ ಇರಲಿಲ್ಲ. ರೂಮು ಇಲ್ಲದ್ದಕ್ಕೆ ಅವರಿಗೆ ಸಿಟ್ಟಿರಲಿಲ್ಲ. ಬೇರೆ ದಾರಿ ಇದ್ದ ಹೊತ್ತಿನಲ್ಲಿ ಆ ದಾರಿಯನ್ನು ನಾನು ಮುಚ್ಚಿದೆ, ಅದು ಅವರ ನೋವು. ಹತ್ತು ನಿಮಿಷ ಅನ್ನುವುದು ಸಮಾಧಾನದ ಮಾತು ಅಂದುಕೊಂಡಿದ್ದೆ. ಬಂದ ಗಿರಾಕಿ ಪಕ್ಕದ ಲಾಡ್ಜಿಗೆ ಹೋಗದ ಹಾಗೆ ಕಟ್ಟಿಹಾಕುವ ಹಗ್ಗ ಅದು. ಈ ಕೆಲಸಕ್ಕೆ ಸೇರಿದ ವಾರದಲ್ಲೇ ನನಗೆ ಅದನ್ನು ಕಲಿಸಿದ್ದರು, ನಾನು ಅದನ್ನು ವಿನಯ ಅಂತ ತಿಳಿದಿದ್ದೆ.

ಅವತ್ತಿನಿಂದ ಆ ಮಾತು ಬಿಟ್ಟೆ. ಬಿಡುವುದು ಸುಲಭವೇನಲ್ಲ, ನಾಲಿಗೆ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಈಗ ಚೀಟಿಯ ಮೇಲೆ ಟೈಮು ಬರೆದು ಕೈಗೆ ಕೊಡುತ್ತೇನೆ: “8.45. ಅಲ್ಲಿವರೆಗೂ ರೂಮಲ್ಲಿ ಜನ ಇದ್ದಾರೆ, ಎಬ್ಬಿಸೋ ಹಾಗಿಲ್ಲ. ಲಗೇಜ್ ಇಲ್ಲಿಟ್ಟು ಹೋಗಿ.” ಮೊದಮೊದಲು ಓನರ್ ಮುಖ ಸಿಂಡರಿಸಿದರು, ಬಂದ ಗಿರಾಕೀನ ನೀನೇ ಓಡಿಸ್ತೀಯಲ್ಲೋ ಅಂತ. ಕೆಲವರು ಹೋದದ್ದೂ ನಿಜ. ಬಹಳ ಜನ ಲಗೇಜ್ ಇಟ್ಟು ಹೋದರು. ಬ್ಯಾಗ್ ಇಟ್ಟವರು ಬಂದೇ ಬರುತ್ತಾರೆ.

ಎರಡನೆಯದು ಫೋನು. ಸಂಜೆ ಏಳರ ಹೊತ್ತಿಗೆ ಮರುದಿನದ ಬುಕಿಂಗ್‌ಗಳಿಗೆಲ್ಲ ಒಂದೊಂದು ಕಾಲ್ ಮಾಡುತ್ತೇನೆ. ಎಷ್ಟು ಹೊತ್ತಿಗೆ ಬರ್ತೀರಿ, ಎಷ್ಟು ಜನ, ಮೆಟ್ಟಿಲು ಹತ್ತೋಕಾಗದವರು ಯಾರಾದರೂ ಇದ್ದಾರಾ. ಇಬ್ಬರಿಗೆ ಬುಕ್ ಮಾಡಿ ಐದು ಜನ ಬರುವುದು, ಎಕ್ಸ್‌ಟ್ರಾ ಬೆಡ್‌ಗೆ ದುಡ್ಡು ಕೇಳಿದಾಗ ಹೌಹಾರುವುದು, ಎಲ್ಲ ಆ ಕಾಲ್‌ನಲ್ಲೇ ಮುಗಿಯುತ್ತದೆ. ಟ್ಯಾಕ್ಸ್ ವಿಷಯವೂ ಅಷ್ಟೆ. ಸಾವಿರದೊಳಗಿನ ರೂಮಿಗೆ ಜಿಎಸ್‌ಟಿ ಇಲ್ಲ ಅಂತ ಈಗಲೂ ವಾದ ಮಾಡುವವರಿದ್ದಾರೆ. ಆ ವಿನಾಯಿತಿ 2022ರ ಜುಲೈ 18ಕ್ಕೇ ಹೋಯಿತು, ಶೇ. 12 ಬಿತ್ತು. 2025ರ ಸೆಪ್ಟೆಂಬರ್ 22ರಿಂದ ಅದು ಶೇ. 5ಕ್ಕೆ ಇಳಿದಿದೆ. ಹೇಳಬೇಕಾದದ್ದು ಫೋನಿನಲ್ಲಿ, ಬಿಲ್ ಹರಿಯುವಾಗಲ್ಲ.

ಐಡಿ ವಿಷಯದಲ್ಲಿ ನನಗೆ ಬುದ್ಧಿ ಬಂದದ್ದು ಕೌಂಟರಿನ ಆಚೆ ಬದಿಗೆ ನಿಂತಾಗ. ಬೇರೆ ಜಿಲ್ಲೆಯ ಒಂದು ಊರಿಗೆ ಮದುವೆಗೆ ಹೋಗಿದ್ದೆವು. ರಾತ್ರಿ ಹತ್ತೂವರೆ, ಮಗಳು ಹೆಗಲ ಮೇಲೆ ನಿದ್ದೆ. ಅಲ್ಲಿನ ಹುಡುಗ ತಲೆ ಎತ್ತದೆ, “ಆಧಾರ್ ಜೆರಾಕ್ಸ್ ತಗೊಂಡು ಬನ್ನಿ” ಅಂದ. ಆ ಹೊತ್ತಿನಲ್ಲಿ ಯಾವ ಜೆರಾಕ್ಸ್ ಅಂಗಡಿ ತೆಗೆದಿರುತ್ತದೆ? ನಾನೂ ಎಷ್ಟು ಜನಕ್ಕೆ ಹಾಗೇ ಅಂದಿದ್ದೆನೋ. ವಾಪಸ್ ಬಂದವನೇ ಓನರ್ ಹತ್ತಿರ ಹಟ ಹಿಡಿದು ಒಂದು ಸಣ್ಣ ಪ್ರಿಂಟರ್ ತರಿಸಿದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಟ್ಟರೆ ತಕರಾರಿಲ್ಲದೆ ತೆಗೆದುಕೊಳ್ಳುತ್ತೇನೆ. ಡ್ರೈವಿಂಗ್ ಲೈಸೆನ್ಸ್ ಆದರೂ ನಡೆಯುತ್ತದೆ.

ರಿಜಿಸ್ಟರ್ ಮಾತ್ರ ಬಿಡುವ ಹಾಗಿಲ್ಲ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಕಾರಣವೇನು, ಅಷ್ಟೂ ಕಾಲಂ ತುಂಬಬೇಕು, ಪೊಲೀಸರು ಬಂದು ನೋಡುತ್ತಾರೆ. ವಿದೇಶದವರಾದರೆ ಪಾಸ್‌ಪೋರ್ಟ್, ವೀಸಾ ವಿವರ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಕಳಿಸಬೇಕು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಇದರ ಪೋರ್ಟಲ್ ತೆರೆಯದೆ ಒದ್ದಾಡುವುದು ನನಗೆ ಮಾಮೂಲು. ಆದರೆ ಒದ್ದಾಟ ನನ್ನದು, ಅವರದಲ್ಲ. ಪಾಸ್‌ಪೋರ್ಟ್ ಪುಟಗಳ ಫೋಟೊ ತೆಗೆದುಕೊಂಡು ಕೀ ಕೊಟ್ಟುಬಿಡುತ್ತೇನೆ. ಸಹಿಗೆ ಆಮೇಲೆ ಅವರು ಊಟಕ್ಕೆ ಇಳಿದಾಗ ಸಿಗುತ್ತಾರೆ.

ಇನ್ನು 104ನೇ ರೂಮು. ಕೆಳಗಿನ ಮಹಡಿ, ಮೆಟ್ಟಿಲ ಪಕ್ಕ, ಕಿಟಕಿ ತೆಗೆದರೆ ಜನರೇಟರ್ ಸದ್ದು. ಹಾಸನಾಂಬ ದಿನಗಳಲ್ಲಿ ಬೆಳಗಿನ ನಾಲ್ಕರಿಂದ ಒಂಬತ್ತರವರೆಗೆ ಅದನ್ನು ಯಾರಿಗೂ ಕೊಡದೆ ಸ್ನಾನಕ್ಕೆ ಅಂತ ಇಡೋಣ ಅಂದೆ. ರೂಮಿಗಾಗಿ ಕಾಯುವವರು ಅಲ್ಲಿ ಸ್ನಾನ ಮಾಡಿ, ಸೀರೆ ಉಟ್ಟು ಸಾಲಿಗೆ ಹೋಗಲಿ. ದುಡ್ಡಿದ್ದವರು ಮುನ್ನೂರರದೋ ಸಾವಿರದ್ದೋ ಟಿಕೆಟ್ ತೆಗೆದುಕೊಳ್ಳುತ್ತಾರೆ, ಧರ್ಮದರ್ಶನದವರಿಗೆ ಬೆಳಗಿನ ಒಂದೊಂದು ಗಂಟೆಯೂ ಬೆಲೆಯದ್ದು. ಓನರ್ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದರು, ಸೀಜನ್ ಬಾಡಿಗೆಯಲ್ಲಿ ಒಂದು ರೂಮಿಗೆ ಎಷ್ಟು ಹೋಗುತ್ತದೆ ಅಂತ. 2024ರಲ್ಲಿ ಒಪ್ಪಿದರು. 2025ರಲ್ಲಿ ಮೊದಲ ವಾರ ಸ್ನಾನಕ್ಕೇ ಬಿಟ್ಟುಕೊಟ್ಟರು, ಕೊನೆಯ ಶನಿವಾರ ನನಗೆ ಹೇಳದೇ ಯಾರಿಗೋ ಕೊಟ್ಟುಬಿಟ್ಟರು. ಅವತ್ತು ಮತ್ತೆ ಸೋಫಾದ ಮೇಲೆ ಜನ ಕೂತರು, ಹೊಸ ಹುಡುಗ ನನ್ನ ಕಣ್ಣೆದುರೇ “ಹತ್ತು ನಿಮಿಷ ಅಕ್ಕಾ” ಅಂದ. ಅವನನ್ನು ಒಳಗೆ ಕರೆದು ಬೈದೆ. ಬೈಯಬೇಕಾದ್ದು ಅವನನ್ನಲ್ಲ ಅಂತ ಗೊತ್ತಿತ್ತು.

ಮುಂದಿನ ಸಲ 104 ನಮಗೆ ಉಳಿಯುತ್ತದೋ ಇಲ್ಲವೋ, ಓನರ್ ಜೊತೆ ಇನ್ನೂ ಮಾತಾಗಿಲ್ಲ. ಎರಡು ಹೊಸ ಬಕೆಟ್ಟು, ಒಂದು ಸ್ಟೂಲು ತಂದು ಆ ಬಾತ್‌ರೂಮಿನಲ್ಲಿ ಇಟ್ಟಿದ್ದೇನೆ.