ಕೊಂಡ ಡೇಟಾಕ್ಕೆ ಮತ್ತೊಮ್ಮೆ ದುಡ್ಡು: ಅಮೆರಿಕದ ಹಾಟ್‌ಸ್ಪಾಟ್ ಶುಲ್ಕದ ಕತೆ

ಸಿಂಧನೂರಿನಲ್ಲಿರುವ ನನ್ನ ಅಣ್ಣನ ಮಗ ಮುಂದಿನ ಓದಿಗಾಗಿ ಅಮೆರಿಕಕ್ಕೆ ಬರುವ ಸಿದ್ಧತೆಯಲ್ಲಿದ್ದಾನೆ. ಇಲ್ಲಿನ ತಿಂಗಳ ಖರ್ಚುಗಳನ್ನು ಫೋನಿನಲ್ಲಿ ಒಂದೊಂದಾಗಿ ಹೇಳುತ್ತಾ ಹೋದಾಗ ಮನೆ ಬಾಡಿಗೆಗಾಗಲಿ, ಆರೋಗ್ಯ ವಿಮೆಗಾಗಲಿ ಅವನು ಅಷ್ಟೊಂದು ಬೆರಗಾಗಲಿಲ್ಲ. ಮೊಬೈಲಿನ ಹಾಟ್‌ಸ್ಪಾಟ್ ಬೇಕಿದ್ದರೆ ಆ ಸೌಲಭ್ಯವಿರುವ ಪ್ಲ್ಯಾನನ್ನೇ ಹುಡುಕಿ, ಹೆಚ್ಚು ಹಣ ಕೊಟ್ಟು ತೆಗೆದುಕೊಳ್ಳಬೇಕಾದೀತು ಎಂದಾಗ ಮಾತ್ರ ನನ್ನನ್ನು ತಡೆದು ಕೇಳಿದ: “ಅಲ್ಲ ಕಾಕಾ, ರೊಕ್ಕ ಕೊಟ್ಟು ತಗೊಂಡ ಡೇಟಾ ನಮ್ದು. ಅದನ್ನ ಫೋನಿನ್ಯಾಗ ನೋಡಿದ್ರೇನು, ಲ್ಯಾಪ್‌ಟಾಪಿನ್ಯಾಗ ನೋಡಿದ್ರೇನು, ಅವರಿಗೇನು ಸಂಬಂಧ?” ಅಮೆರಿಕದ ಗ್ರಾಹಕರು ಇದೇ ಪ್ರಶ್ನೆಯನ್ನು ತಮ್ಮ ಕಂಪನಿಗಳಿಗೆ 2010ರಿಂದಲೂ ಕೇಳುತ್ತಿದ್ದಾರೆ. ಕಂಪನಿಗಳು ಕೊಟ್ಟ ಉತ್ತರಗಳು ಕಾಲಕ್ಕೆ ತಕ್ಕಂತೆ ಬದಲಾಗಿವೆಯೇ ಹೊರತು ಶುಲ್ಕ ಪೂರ್ತಿ ಹೋಗಿಲ್ಲ.

ರಾಯಚೂರು ಸೀಮೆಯವರಿಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ನಮ್ಮಲ್ಲಿ ಹಾಟ್‌ಸ್ಪಾಟ್ ಎನ್ನುವುದು ಫೋನಿನ ಟಾರ್ಚಿನಷ್ಟೇ ಸಾಮಾನ್ಯವಾದ ಸೌಲಭ್ಯ. ಸಿಂಧನೂರಿನ ಆಚೆ, ಕಾಲುವೆಯ ಬದಿಯ ಒಂದು ಕ್ಯಾಂಪಿನಲ್ಲಿರುವ ಅಕ್ಕನ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದು ಪಡಸಾಲೆಯ ಕಿಟಕಿಯಲ್ಲಿ ಮಾತ್ರ. ಸಂಜೆಯಾದರೆ ಮಾವನವರ ಫೋನು ಚಾರ್ಜರಿನ ವೈರಿನೊಂದಿಗೆ ಆ ಕಿಟಕಿಯ ಕಟ್ಟೆಯನ್ನೇರುತ್ತದೆ. ಒಳಗಿನ ಕೋಣೆಯಲ್ಲಿ ಮಗಳ ಲ್ಯಾಪ್‌ಟಾಪು, ಹೊರಗೆ ಮಗನ ಮೊಬೈಲು, ಎರಡೂ ಅದರಿಂದಲೇ ನಡೆಯುತ್ತವೆ. ಮಾವನವರಿಗೆ ಕರೆ ಬಂದರೆ ಅವರು ಫೋನನ್ನು ಎತ್ತಿಕೊಂಡು ಅಂಗಳಕ್ಕೆ ಹೋಗುವಂತಿಲ್ಲ, ಕಿಟಕಿಗೆ ಕಿವಿ ಹಚ್ಚಿ ನಿಂತೇ ಮಾತಾಡಬೇಕು. ದಿನದ ಎರಡು ಜಿಬಿ ಮುಗಿದು ವೇಗ 64 ಕೆಬಿಪಿಎಸ್‌ಗೆ ಇಳಿದರೆ ಇಬ್ಬರು ಮಕ್ಕಳಲ್ಲಿ ಯಾರು ಹೆಚ್ಚು ಉರಿಸಿದರೆಂದು ಜಗಳವಾಗುತ್ತದೆ. ಆ ಜಗಳ ಮನೆಯೊಳಗಿನದು. ಲ್ಯಾಪ್‌ಟಾಪಿಗೆ ಏಕೆ ಕೊಟ್ಟಿರಿ ಎಂದು ಕಂಪನಿಯವರು ಕೇಳಿದ್ದಿಲ್ಲ.

ಇಲ್ಲಿ ಕೇಳುತ್ತಾರೆ. ನಾನು ಡಲ್ಲಾಸಿಗೆ ಬಂದ ಹೊಸದರಲ್ಲಿ ತೆಗೆದುಕೊಂಡಿದ್ದ ಅಗ್ಗದ ಪ್ಲ್ಯಾನಿನಲ್ಲಿ ಹಾಟ್‌ಸ್ಪಾಟಿನ ಗುಂಡಿ ಒತ್ತಿದರೆ ಅದು ಹೊತ್ತಿಕೊಳ್ಳುವ ಬದಲು, ಈ ಖಾತೆಗೆ ಈ ಸೌಲಭ್ಯ ಬೇಕಿದ್ದರೆ ಕಂಪನಿಯನ್ನು ಸಂಪರ್ಕಿಸಿ ಎಂಬ ಒಂದು ಸಾಲು ಪರದೆಯ ಮೇಲೆ ಬರುತ್ತಿತ್ತು. ಫೋನು ನನ್ನದು, ಅದಕ್ಕೆ ಪೂರ್ತಿ ಹಣ ಕೊಟ್ಟಿದ್ದೆ, ತಿಂಗಳ ಡೇಟಾದಲ್ಲಿ ಅರ್ಧಕ್ಕೂ ಹೆಚ್ಚು ಹಾಗೇ ಉಳಿದಿತ್ತು. ಆದರೂ ಫೋನು ಮೊದಲು ಕಂಪನಿಯ ಸರ್ವರನ್ನು ಕೇಳಿ, ಅಪ್ಪಣೆ ಸಿಕ್ಕರೆ ಮಾತ್ರ ಗುಂಡಿಗೆ ಜೀವ ಕೊಡುತ್ತಿತ್ತು.

ಈ ಶುಲ್ಕ ಜನರ ಕಣ್ಣಿಗೆ ಢಾಳಾಗಿ ಬಿದ್ದದ್ದು 2010ರ ಜೂನ್‌ನಲ್ಲಿ. ಎಟಿ ಅಂಡ್ ಟಿ ಕಂಪನಿಯು ಹೊಸ ಗ್ರಾಹಕರಿಗೆ ಮಿತಿಯಿಲ್ಲದ ಡೇಟಾ ಕೊಡುವುದನ್ನು ಆಗ ನಿಲ್ಲಿಸಿ, ತಿಂಗಳಿಗೆ 25 ಡಾಲರಿಗೆ 2 ಜಿಬಿ ಎಂಬ ಲೆಕ್ಕಕ್ಕೆ ಬಂತು. ಅದೇ ಹೊತ್ತಿಗೆ ಐಫೋನಿನಲ್ಲಿ ಹಾಟ್‌ಸ್ಪಾಟಿನಂತೆ ಬೇರೆ ಸಾಧನಕ್ಕೆ ಡೇಟಾ ಹಂಚುವ ಟೆದರಿಂಗ್‌ಗೆ ಅವಕಾಶ ಕೊಟ್ಟು, ಅದಕ್ಕೆ ಪ್ರತ್ಯೇಕವಾಗಿ 20 ಡಾಲರ್ ನಿಗದಿ ಮಾಡಿತು. ಈ 20 ಡಾಲರಿಗೆ ಒಂದೇ ಒಂದು ಎಂಬಿ ಹೆಚ್ಚುವರಿ ಡೇಟಾ ಇರಲಿಲ್ಲ. ಈಗಾಗಲೇ ಕೊಂಡುಕೊಂಡ ಅದೇ 2 ಜಿಬಿಯನ್ನು ಲ್ಯಾಪ್‌ಟಾಪಿಗೂ ಹಂಚಿಕೊಳ್ಳುವ ಪರವಾನಗಿಯ ಬೆಲೆ ಅದು. ಟೀಕೆಗಳು ಬಂದವು. ಮರುವರ್ಷ ಕಂಪನಿ ಆ ಹಣಕ್ಕೆ ಇನ್ನೂ 2 ಜಿಬಿ ಸೇರಿಸಿ ಕೊಡತೊಡಗಿತು. ಅಳೆದು ಕೊಟ್ಟ ಡೇಟಾದ ಮೇಲೆ ಮತ್ತೊಂದು ಶುಲ್ಕಕ್ಕೆ ಸಮರ್ಥನೆ ಇರಲಿಲ್ಲವೆಂಬುದನ್ನು ಈ ಸೇರ್ಪಡೆಯೇ ತೋರಿಸುತ್ತದೆ ಎಂದು ನನ್ನ ಅಭಿಪ್ರಾಯ.

ವೆರೈಝನ್ ಕಂಪನಿಯ ಪ್ರಕರಣ ಇನ್ನೂ ಸ್ವಾರಸ್ಯಕರವಾಗಿದೆ. 2008ರ ತರಂಗಾಂತರ ಹರಾಜಿನಲ್ಲಿ ಅದು 700 ಮೆಗಾಹರ್ಟ್ಸ್‌ನ ಸಿ ಬ್ಲಾಕ್ ಎಂಬ ಭಾಗವನ್ನು ಸುಮಾರು 4.7 ಶತಕೋಟಿ ಡಾಲರಿಗೆ ಪಡೆದುಕೊಂಡಿತ್ತು. ಆ ತರಂಗಾಂತರಕ್ಕೆ ಅಮೆರಿಕದ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿ ಮೊದಲೇ ಒಂದು ಷರತ್ತು ಹಾಕಿತ್ತು: ಗ್ರಾಹಕರು ತಮಗೆ ಬೇಕಾದ ಸಾಧನವನ್ನೂ ಆ್ಯಪನ್ನೂ ಬಳಸುವುದಕ್ಕೆ ಕಂಪನಿ ಅಡ್ಡಿಪಡಿಸಬಾರದು. ಹೀಗಿದ್ದೂ, ಶುಲ್ಕ ಕೊಡದೆ ಟೆದರಿಂಗ್ ಮಾಡಲು ನೆರವಾಗುವ ಆ್ಯಪ್‌ಗಳು ತನ್ನ ಗ್ರಾಹಕರಿಗೆ ಸಿಗದಂತೆ ಮಾಡಲು ಗೂಗಲ್ ಕಂಪನಿಯನ್ನು ವೆರೈಝನ್ ಕೇಳಿಕೊಂಡಿತ್ತು. ಫ್ರೀ ಪ್ರೆಸ್ ಎಂಬ ಸಂಘಟನೆ 2011ರಲ್ಲಿ ದೂರು ಕೊಟ್ಟಿತು. 2012ರ ಜುಲೈ 31ರಂದು ವೆರೈಝನ್ 12.5 ಲಕ್ಷ ಡಾಲರ್ ಕಟ್ಟಿ ತನಿಖೆಯನ್ನು ಮುಗಿಸಿಕೊಂಡಿತು. ಅಂಥ ಕಂಪನಿಗೆ ಅದು ಚಿಲ್ಲರೆ ಹಣವೇ. ಆದರೆ ಜಿಬಿ ಲೆಕ್ಕದ ಪ್ಲ್ಯಾನ್ ಇರುವವರು ಬೇರೆ ಆ್ಯಪ್ ಬಳಸಿ ಟೆದರಿಂಗ್ ಮಾಡಿಕೊಂಡರೆ ತಡೆಯುವುದಿಲ್ಲ ಎಂದು ಅದು ಒಪ್ಪಿಕೊಳ್ಳಬೇಕಾಯಿತು. ಅದರ ಒಂದು ತಿಂಗಳ ಹಿಂದಷ್ಟೇ ತಂದಿದ್ದ ಹೊಸ ಪ್ಲ್ಯಾನುಗಳಲ್ಲಿ ಹಾಟ್‌ಸ್ಪಾಟನ್ನು ಬೇರೆ ಶುಲ್ಕವಿಲ್ಲದೆ ಸೇರಿಸಿಯೂ ಇತ್ತು.

ಕಂಪನಿಗಳ ವಾದವನ್ನು ತಳ್ಳಿಹಾಕಿ ಮುಂದೆ ಹೋಗುವುದು ನ್ಯಾಯವಲ್ಲ. ಒಂದು ಟವರಿನ ವ್ಯಾಪ್ತಿಯಲ್ಲಿರುವ ಎಲ್ಲರೂ ಅಲ್ಲಿ ಲಭ್ಯವಿರುವ ತರಂಗಾಂತರವನ್ನೇ ಹಂಚಿಕೊಳ್ಳುತ್ತಾರೆ. ಅಂಗೈಯಗಲದ ಪರದೆಯಲ್ಲಿ ವಿಡಿಯೊ ನೋಡುವವನು ಎಳೆಯುವ ಡೇಟಾಕ್ಕೂ, ಅದೇ ಫೋನಿಗೆ ದೊಡ್ಡ ಟಿವಿಯನ್ನೂ ಎರಡು ಲ್ಯಾಪ್‌ಟಾಪನ್ನೂ ಕಟ್ಟಿ, ಹಿನ್ನೆಲೆಯಲ್ಲಿ ವಿಂಡೋಸ್ ಅಪ್‌ಡೇಟ್ ಇಳಿಸಿಕೊಳ್ಳುತ್ತಾ, ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಾ ಕೂತವನು ಎಳೆಯುವ ಡೇಟಾಕ್ಕೂ ಅಜಗಜಾಂತರ. ಮಿತಿಯಿಲ್ಲದ ಪ್ಲ್ಯಾನಿನ ಬೆಲೆಯನ್ನು ಸರಾಸರಿ ಫೋನ್ ಬಳಕೆಯ ಮೇಲೆ ಕಟ್ಟಿರುವುದರಿಂದ ಇಂಥ ಕೆಲವರ ಖರ್ಚನ್ನು ಉಳಿದವರು ಹೊರಬೇಕಾಗುತ್ತದೆ. 2015ರಲ್ಲಿ ಟಿ-ಮೊಬೈಲ್‌ನ ಅಂದಿನ ಮುಖ್ಯಸ್ಥ ಜಾನ್ ಲೆಜೆರ್, ಕೆಲವು ಗ್ರಾಹಕರು ಟೆದರಿಂಗನ್ನು ಮರೆಮಾಚಿ ತಿಂಗಳಿಗೆ 2 ಟೆರಾಬೈಟ್‌ವರೆಗೂ ಬಳಸುತ್ತಿದ್ದಾರೆಂದು ಬಹಿರಂಗವಾಗಿಯೇ ಹರಿಹಾಯ್ದಿದ್ದರು. ಆದರೆ ಅಂಥವರು ಒಟ್ಟು ಗ್ರಾಹಕರಲ್ಲಿ ಶೇಕಡಾ ಒಂದರ ನೂರನೆಯ ಒಂದು ಭಾಗ ಎಂದು ಅವರೇ ಹೇಳಿದ್ದರೆಂಬುದನ್ನೂ ನೆನಪಿಡಬೇಕು.

ಈ ವಾದವನ್ನು ತೂಗಿ ನೋಡಲು ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಮೇಲ್ಭಾಗದವರು ನೀರು ಹಿಡಿದಿಟ್ಟು ಭತ್ತ ನಾಟಿ ಮಾಡಿದರೆ ಮಾನ್ವಿ, ಸಿರವಾರ ಕಡೆಯ ಕೊನೆಭಾಗದ ರೈತರಿಗೆ ಕಾಲುವೆ ಬರೀ ಕೆಸರು ತೋರಿಸುತ್ತದೆ. ಹಂಚಿಕೊಳ್ಳುವ ಸಂಪತ್ತಿಗೆ ಮಿತಿ ಬೇಕೆಂಬುದನ್ನು ಆ ಭಾಗದಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾಲುವೆಯ ನೀರಿಗೆ ಸರ್ಕಾರ ಕರ ಹಾಕುವುದು ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿ. ಭತ್ತಕ್ಕೆ ಒಂದು ದರ, ಹತ್ತಿಗೆ ಮತ್ತೊಂದು ದರ. ಯಾರ ಹೊಲಕ್ಕೆ ಎಷ್ಟು ನೀರು ಹರಿಯಿತೆಂದು ಅಳೆಯುವ ಮೀಟರು ತೂಬಿನ ಬಾಯಿಗೆ ಇಲ್ಲದ ಕಾರಣ ಬೆಳೆಯನ್ನು ನೋಡಿ ಅಂದಾಜು ಕಟ್ಟುವುದು ಅಲ್ಲಿ ಅನಿವಾರ್ಯ. ಮೊಬೈಲ್ ಕಂಪನಿಗೆ ಅಂಥ ಯಾವ ಅನಿವಾರ್ಯತೆಯೂ ಇಲ್ಲ, ಏಕೆಂದರೆ ಅದು ಪ್ರತಿಯೊಂದು ಫೋನಿನ ಬಳಕೆಯನ್ನೂ ಎಂಬಿ ಲೆಕ್ಕದಲ್ಲಿ ಅಳೆದು ಇಟ್ಟುಕೊಂಡಿರುತ್ತದೆ. ಅಳತೆ ಕೈಯಲ್ಲಿರುವಾಗ ಯಾವ ಬೆಳೆಗೆ ಹಾಯಿಸಿದಿರಿ ಎಂದು ಕೇಳುವುದು ಏಕೆ? ತಿಂಗಳಿಗೆ ಇಷ್ಟು ಜಿಬಿ, ಅದನ್ನು ಮೀರಿದರೆ ವೇಗ ಇಳಿಯುತ್ತದೆ ಎಂದು ನೇರವಾಗಿ ಹೇಳಿದರೆ ಹೆಚ್ಚು ಎಳೆಯುವವನಿಗೂ ಲಗಾಮು ಬೀಳುತ್ತದೆ, ಲ್ಯಾಪ್‌ಟಾಪಿನಲ್ಲಿ ನಾಲ್ಕು ಮಿಂಚಂಚೆ ನೋಡುವವನೂ ದಂಡ ತೆರಬೇಕಾಗುವುದಿಲ್ಲ.

ಹಾಗೆ ನೇರವಾಗಿ ಹೇಳದಿರಲು ಬೇರೆ ಕಾರಣಗಳಿವೆ ಎಂಬ ಗುಮಾನಿ ನನ್ನದು. ಜಿಬಿ ಮಿತಿಯನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿದರೆ ಜಾಹೀರಾತಿನಲ್ಲಿ ಅನ್‌ಲಿಮಿಟೆಡ್ ಎಂದು ಬರೆಯಲು ಬರುವುದಿಲ್ಲ. ಇದೇ ಕಂಪನಿಗಳು ಈಗ ಮನೆಗಳಿಗೆ ಟವರಿನ ಮೂಲಕವೇ ವೈರ್‌ಲೆಸ್ ಇಂಟರ್ನೆಟ್ ಮಾರುತ್ತವೆ. ಜೇಬಿನ ಫೋನೇ ಇಡೀ ಮನೆಗೆ ನೆಟ್ ಕೊಟ್ಟರೆ ಆ ಸಂಪರ್ಕ ಕೊಳ್ಳುವವರು ಯಾರು? ಊರೂರು ತಿರುಗುತ್ತಾ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರ ಬಿಲ್ಲನ್ನು ಬಹುತೇಕ ಅವರ ಕಚೇರಿಯೇ ಕಟ್ಟುವುದರಿಂದ ಅವರಿಂದ ಹೆಚ್ಚು ವಸೂಲು ಮಾಡುವುದೂ ಸುಲಭ. ವ್ಯಾಪಾರವೆಂದ ಮೇಲೆ ಇವೆಲ್ಲ ಇರುವುದೇ; ಆದರೆ ಅದಕ್ಕೆ ಟವರಿನ ದಟ್ಟಣೆಯ ನೆಪ ಹೇಳಬಾರದು.

ಟೆದರಿಂಗ್ ನಡೆದಿದೆಯೆಂದು ಕಂಪನಿಗೆ ಹೇಗೆ ತಿಳಿಯುತ್ತದೆ ಎಂದು ಹುಡುಗ ಮತ್ತೆ ಕೇಳಿದ. ಕೆಲವು ಫೋನುಗಳು ಹಾಟ್‌ಸ್ಪಾಟಿನ ಡೇಟಾವನ್ನು ಬೇರೆಯದೇ ಎಪಿಎನ್ (ಫೋನನ್ನು ಕಂಪನಿಯ ಜಾಲದಿಂದ ಅಂತರ್ಜಾಲಕ್ಕೆ ಸೇರಿಸುವ ದ್ವಾರ) ಮೂಲಕ ಕಳಿಸುವುದರಿಂದ ಲೆಕ್ಕ ತಾನಾಗಿಯೇ ಬೇರೆಯಾಗುತ್ತದೆ. ಇನ್ನೊಂದು ಗುರುತು ಡೇಟಾದ ಪ್ರತಿ ಪೊಟ್ಟಣದ ಮೇಲೂ ಇರುವ, ದಾರಿಯಲ್ಲಿ ದಾಟುವ ಪ್ರತಿ ಸಾಧನಕ್ಕೂ ಒಂದೊಂದು ಇಳಿಯುವ ಟಿಟಿಎಲ್ ಎಂಬ ಸಂಖ್ಯೆ. ಫೋನಿನಿಂದಲೇ ಹೊರಟ ಪೊಟ್ಟಣದ ಮೇಲೆ ಅದು ಸಾಮಾನ್ಯವಾಗಿ 64 ಎಂದಿರುತ್ತದೆ. ಬೇರೆ ಸಾಧನದಿಂದ ಹೊರಟು ಫೋನನ್ನು ದಾಟಿ ಬಂದದ್ದಾದರೆ ಒಂದು ಕಳೆದು 63 ಆಗಿರುತ್ತದೆ, ವಿಂಡೋಸ್ ಕಂಪ್ಯೂಟರಿನದಾದರೆ 128 ಹೋಗಿ 127 ಎಂದಿರುತ್ತದೆ. ಇದನ್ನು ತಿರುಚಿ ಕಣ್ತಪ್ಪಿಸುವ ಉಪಾಯಗಳೂ ಇವೆ. ಅವನ್ನು ಹುಡುಗನಿಗೆ ನಾನು ಹೇಳಿಕೊಡಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದನ್ನು ಮುರಿದು, ಹೊಸ ದೇಶದಲ್ಲಿ ಸಂಪರ್ಕವನ್ನೇ ಕಳೆದುಕೊಳ್ಳುವುದು ಯಾವ ಜಾಣತನ?

ಯುರೋಪಿನವರು ಈ ವಿಷಯವನ್ನು ಹೆಚ್ಚು ಸ್ಪಷ್ಟವಾಗಿ ಇತ್ಯರ್ಥ ಮಾಡಿಕೊಂಡಿದ್ದಾರೆ. ಗ್ರಾಹಕನು ತನಗೆ ಇಷ್ಟವಾದ ಸಾಧನದ ಮೂಲಕ ಅಂತರ್ಜಾಲವನ್ನು ಬಳಸಬಹುದೆಂದು ಅಲ್ಲಿನ 2015ರ ಮುಕ್ತ ಅಂತರ್ಜಾಲ ನಿಯಮ ಹೇಳುತ್ತದೆ. ಜರ್ಮನಿಯಲ್ಲಿ ವೋಡಾಫೋನ್ ಕಂಪನಿಯು ಕೆಲವು ಆ್ಯಪ್‌ಗಳ ಡೇಟಾವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುವ ಪ್ಯಾಕ್ ಕೊಟ್ಟು, ಅದೇ ಬಳಕೆ ಹಾಟ್‌ಸ್ಪಾಟಿನ ಮೂಲಕ ನಡೆದರೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. 2021ರ ಸೆಪ್ಟೆಂಬರ್ 2ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯವು ಇಂಥ ಪ್ಯಾಕೇ ನಿಯಮಕ್ಕೆ ವಿರುದ್ಧವಾದದ್ದು, ಹಾಗಾಗಿ ಅದರ ಮೇಲೆ ಹೇರಿದ ಹಾಟ್‌ಸ್ಪಾಟ್ ನಿರ್ಬಂಧವೂ ಸಲ್ಲದು ಎಂದು ತೀರ್ಪು ನೀಡಿತು.

ನಮ್ಮ ದೇಶದಲ್ಲಿ ಈ ಜಗಳ ಬೇರೆ ದಿಕ್ಕಿನಿಂದ ಬಂತು. ಯಾವ ಜಾಲತಾಣ ನೋಡುತ್ತೀರೆಂಬುದರ ಮೇಲೆ ಡೇಟಾದ ದರ ಬದಲಾಗಬಾರದೆಂದು ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2016ರ ಫೆಬ್ರುವರಿ 8ರಂದು ನಿಯಮ ಮಾಡಿತು. 2017ರ ನವೆಂಬರ್‌ನಲ್ಲಿ ಅದು ಸರ್ಕಾರಕ್ಕೆ ಮಾಡಿದ ಶಿಫಾರಸಿನಲ್ಲಿ, ಬಳಸುವ ಸಾಧನದ ಆಧಾರದ ಮೇಲೆಯೂ ಭೇದ ಮಾಡಬಾರದೆಂಬ ಮಾತು ಸೇರಿತು. ಆದರೆ ಕಾಗದದ ಮೇಲಿನ ನಿಯಮಕ್ಕಿಂತ ದಿನದ ಜಿಬಿ ಲೆಕ್ಕವೇ ನಮ್ಮವರನ್ನು ಈ ಶುಲ್ಕದಿಂದ ಕಾಪಾಡಿದೆ ಎಂದು ನನಗನಿಸುತ್ತದೆ. ಒಂದೂವರೆಯೋ ಎರಡೋ ಜಿಬಿಯನ್ನು ಮೊದಲೇ ಅಳೆದು ಕೊಟ್ಟ ಮೇಲೆ ಅದು ಯಾವ ಪರದೆಯಲ್ಲಿ ಮುಗಿಯಿತೆಂಬುದರಿಂದ ಕಂಪನಿಗೆ ಆಗುವ ನಷ್ಟವೇನೂ ಇಲ್ಲ. 5ಜಿ ಫೋನಿಗೆ ಮಿತಿಯಿಲ್ಲದ ಡೇಟಾ ಕೊಡುವ ಪ್ಯಾಕುಗಳು ಬಂದ ಮೇಲೆ ಈ ಲೆಕ್ಕ ಬದಲಾಗಿದೆ. 2024ರ ಜುಲೈನಲ್ಲಿ ದರ ಏರಿಸಿದಾಗಲೇ ಜಿಯೊ ಆ ಸೌಲಭ್ಯವನ್ನು ದಿನಕ್ಕೆ ಎರಡು ಜಿಬಿ ಮತ್ತು ಅದಕ್ಕಿಂತ ಮೇಲಿನ ಪ್ಯಾಕುಗಳಿಗೆ ಸೀಮಿತಗೊಳಿಸಿತು. ಗಂಗಾವತಿಯಲ್ಲೋ ರಾಯಚೂರಿನಲ್ಲೋ ಒಂದೇ 5ಜಿ ಫೋನಿನಿಂದ ಇಡೀ ಮನೆಯ ಟಿವಿ, ಕಂಪ್ಯೂಟರ್ ನಡೆಸುವವರು ಹೆಚ್ಚಾದಂತೆ ಇಲ್ಲಿ ಕೇಳಿದ ವಾದಗಳೇ ಅಲ್ಲಿಯೂ ಕೇಳಿಬಂದರೆ ನನಗೇನೂ ಆಶ್ಚರ್ಯವಾಗದು. ಆಗ ಕಂಪನಿಗಳಿಗೆ ಮಿತಿ ಬೇಕೆನಿಸಿದರೆ ತಿಂಗಳ ಒಟ್ಟು ಜಿಬಿಗೆ ಮಿತಿ ಹಾಕಲಿ, ಅದನ್ನು ರೀಚಾರ್ಜ್ ಮಾಡುವ ಮುನ್ನವೇ ಕಾಣುವಂತೆ ಬರೆಯಲಿ. ಹಾಟ್‌ಸ್ಪಾಟಿನ ಗುಂಡಿಗೆ ಬೀಗ ಹಾಕುವುದಕ್ಕೆ ಟ್ರಾಯ್ ಒಪ್ಪಬಾರದು.

ಅಣ್ಣನ ಮಗನಿಗೆ ಹೇಳಿದ್ದನ್ನು ಇಲ್ಲಿಗೆ ಬರಲಿರುವ ಇತರರಿಗೂ ಹೇಳುತ್ತೇನೆ. ಪ್ಲ್ಯಾನ್ ಆರಿಸುವಾಗ ಅನ್‌ಲಿಮಿಟೆಡ್ ಎಂಬುದನ್ನು ಬಿಟ್ಟು ಕೆಳಗಿನ ಸಣ್ಣ ಅಕ್ಷರಗಳಲ್ಲಿ ಹಾಟ್‌ಸ್ಪಾಟಿಗೆ ಎಷ್ಟು ಜಿಬಿ ಇದೆ, ಅದು ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬೆರಡನ್ನು ಓದಿರಿ. ವಿಶ್ವವಿದ್ಯಾಲಯದಲ್ಲಿ ವೈಫೈ ಇರುತ್ತದೆ. ನಾಲ್ಕು ಜನ ಸೇರಿ ಬಾಡಿಗೆಗೆ ಹಿಡಿದ ಮನೆಯಲ್ಲಿ ಒಂದು ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡರೆ ತಲೆಗೆ ಬೀಳುವ ಖರ್ಚು ಕಡಿಮೆ. ಹೀಗಿರುವಾಗ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ದುಬಾರಿ ಹಾಟ್‌ಸ್ಪಾಟ್ ಪ್ಲ್ಯಾನಿನ ಅಗತ್ಯವೇ ಬೀಳುವುದಿಲ್ಲ. ಮೊದಲ ಕೆಲವು ವಾರ, ಮನೆ ಸಿಕ್ಕು ಸಂಪರ್ಕ ಬರುವ ತನಕ, ಹಾಟ್‌ಸ್ಪಾಟ್ ಇರುವ ಪ್ರಿಪೇಯ್ಡ್ ಪ್ಲ್ಯಾನನ್ನು ತಿಂಗಳ ಮಟ್ಟಿಗೆ ತೆಗೆದುಕೊಂಡು, ಆಮೇಲೆ ಅಗ್ಗದ್ದಕ್ಕೆ ಬದಲಾಯಿಸಿಕೊಳ್ಳಬಹುದು. “ಹಂಗಾದ್ರ ಒಂದು ತಿಂಗಳದ್ದು ತಗೊಂಡು ನೋಡ್ತೀನಿ ಕಾಕಾ” ಎಂದು ಅವನು ಆ ಖರ್ಚನ್ನು ತನ್ನ ಪಟ್ಟಿಯಲ್ಲಿ ಬರೆದುಕೊಂಡ.