ತಿದ್ದಲು ವಾಪಸ್ ಬಂದ ಪತ್ರ

ಸರ್ಕಾರಿ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಸಂಬಳ ಬರುತ್ತಿತ್ತು, ಕೆಲಸ ಮಾತ್ರ ಇರಲಿಲ್ಲ.

ನನಗೆ ಕಣ್ಣು ಕಾಣುವುದಿಲ್ಲ. ದಿನಾ ಹೋಗಿ ಹಾಜರಿ ಹಾಕಿ ಕೂರುತ್ತಿದ್ದೆ. ಏನಾದರೂ ಕೊಡಿ ಎಂದರೆ, "ನಿಮಗ್ಯಾಕೆ ತೊಂದರೆ, ಆರಾಮಾಗಿ ಕೂತಿರಿ" ಅನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಆದರೆ ಉಳಿದವರ ಕೀಬೋರ್ಡ್ ಸದ್ದು ಕೇಳುತ್ತಾ ಸಂಜೆಯವರೆಗೆ ಸುಮ್ನೆ ಕೂರುವುದು ತುಂಬಾ ಸುಸ್ತಿನ ಕೆಲಸ. ಮನೆಗೆ ಹೋಗಿ ಇವತ್ತೇನು ಮಾಡಿದೆ ಅಂತ ಹೇಳಲು ಒಂದು ಮಾತೂ ಇರುತ್ತಿರಲಿಲ್ಲ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಪರೀಕ್ಷೆಗೆಂದು ಓದಿದ್ದೆ. ಅಂಗವಿಕಲರಿಗೆ ಸಾರ್ವಜನಿಕ ವಲಯದಲ್ಲಿ ಕೆಲಸ ಕೊಡಬೇಕು ಎಂದು ಅದರ 27ನೇ ವಿಧಿ ನೇರವಾಗಿ ಹೇಳುತ್ತದೆ. ಕೆಲಸದ ಜಾಗದಲ್ಲಿ ಬೇಕಾದ ಹೊಂದಾಣಿಕೆ ಮಾಡಿಕೊಡುವ ಮಾತೂ ಅಲ್ಲೇ ಇದೆ. ಅದನ್ನು ನಿರಾಕರಿಸಿದರೆ ತಾರತಮ್ಯ ಮಾಡಿದಂತೆ ಎಂದು 2ನೇ ವಿಧಿಯಲ್ಲಿದೆ. ಆ ಕುರ್ಚಿಯಲ್ಲಿ ಕೂತು ಇದನ್ನು ಎಷ್ಟು ಸಲ ನೆನೆದಿದ್ದೇನೋ.

ಒಂದು ದಿನ ಪಕ್ಕದ ಸೀಟಿನವರು ರಜೆ ಹಾಕಿದರು. ಸಾರ್ವಜನಿಕರ ಅರ್ಜಿಗಳಿಗೆ ಉತ್ತರ ಬರೆಯುವುದು ಅವರ ಕೆಲಸ. ನಾನು ಮಾಡ್ತೀನಿ ಎಂದೆ. ಸೂಪರಿಂಟೆಂಡೆಂಟ್ ಮೇಡಂ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಫೈಲ್ ಕಳಿಸಿದರು.

ತೆರೆದರೆ ನನ್ನ ಎನ್‌ವಿಡಿಎ ಮಾತಾಡಲೇ ಇಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಉಚಿತ ತಂತ್ರಾಂಶ ಅದು. ಅಕ್ಷರ ಇದ್ದರೆ ಓದುತ್ತದೆ. ಫೈಲಿನಲ್ಲಿದ್ದದ್ದು ಸ್ಕ್ಯಾನ್ ಮಾಡಿದ ಪುಟಗಳು, ಅಂದರೆ ಬರೀ ಚಿತ್ರಗಳು.

"ಇದನ್ನ ಮೊದಲು ಕಂಪ್ಯೂಟರ್‌ನಲ್ಲೇ ಟೈಪ್ ಮಾಡಿರ್ತಾರೆ, ಅಲ್ವಾ ಮೇಡಂ?" ಎಂದು ಕೇಳಿದೆ.

ಹೌದು. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿಗೆ ನನ್ನ ಪಾಲಿನ ಅಕ್ಷರಗಳು ಹೋಗಿಬಿಡುತ್ತವೆ. ಸಹಿ ಮಾಡಿದ ಪ್ರತಿಯ ಜೊತೆ ಮೊದಲಿನ ವರ್ಡ್ ಫೈಲನ್ನೂ ಕಳಿಸಿದರೆ ಸಾಕು ಎಂದೆ. ಹೊಸ ಯಂತ್ರ ಬೇಡ, ದುಡ್ಡು ಬೇಡ. ಮೇಡಂ, "ಇಷ್ಟೇನಾ? ಇದನ್ನ ಯಾರೂ ಹೇಳಲೇ ಇಲ್ಲವಲ್ಲ" ಎಂದರು. ನನ್ನನ್ನೂ ಯಾರೂ ಕೇಳಿರಲಿಲ್ಲ.

ಹತ್ತು ನಿಮಿಷದಲ್ಲಿ ಹಳೆಯ ಟಿಪ್ಪಣಿಗಳು ಅಕ್ಷರವಾಗಿಯೇ ಬಂದವು. ಅರ್ಜಿಗಳು ಕೈಬರಹದಲ್ಲಿದ್ದವು. ಅವನ್ನು ಸಹೋದ್ಯೋಗಿಯೊಬ್ಬರು ಓದಿ ಹೇಳಿದರು, ನಾನು ಮುಖ್ಯಾಂಶ ಟೈಪ್ ಮಾಡಿಕೊಂಡೆ. ಒಬ್ಬ ವಯಸ್ಸಾದ ಹೆಂಗಸಿನ ಪಿಂಚಣಿ ನಿಂತುಹೋಗಿತ್ತು. ಅದರ ಉತ್ತರಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಅವರಿಗೆ ಅರ್ಥವಾಗುವ ಹಾಗೆ, ಮುಂದೆ ಯಾವ ಕಾಗದ ತರಬೇಕು ಎಂದು ಬಿಡಿಸಿ ಬರೆದೆ.

ಸಂಜೆಯೊಳಗೆ ಆರು ಕರಡು ಕಳಿಸಿದೆ. ಐದು ಒಪ್ಪಿಗೆಯಾದವು.

ಆರನೆಯದನ್ನು ಹಿಡಿದು ಮೇಡಂ ನನ್ನ ಟೇಬಲ್ಲಿನ ಹತ್ತಿರವೇ ಬಂದರು. "ಉಲ್ಲೇಖದ ದಿನಾಂಕ ತಪ್ಪಾಗಿದೆ ನೋಡಿ. ಎರಡನೇ ಪ್ಯಾರಾ ಉದ್ದ ಆಯ್ತು. ತಿದ್ದಿ ಕೊಡಿ, ಇವತ್ತೇ ಹೋಗಬೇಕು" ಎಂದರು. ಬೇರೆಯವರ ಜೊತೆ ಮಾತಾಡುವ ಅದೇ ಗಡಸು ದನಿ. ಮೂರು ತಿಂಗಳಲ್ಲಿ ನನ್ನ ತಪ್ಪನ್ನು ಯಾರಾದರೂ ಹಿಡಿದದ್ದು ಅದೇ ಮೊದಲು.

"ಆಯ್ತು ಮೇಡಂ" ಎಂದು ಫೈಲ್ ತೆರೆದೆ.