ಬೆಂಕಿಪೊಟ್ಟಣದ ಬೋಟುಗಳು: ಕೊನೆಗೂ ಉತ್ತರ ಒಂದು ಕಡೆ ನಿಂತಿತು

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಲೆಕ್ಕ ನಿನ್ನೆ ರಾತ್ರಿ ಕೂಡಿ ಬಂತು. ಖುಷಿ ಆರುವ ಮೊದಲು ಬರೆದುಬಿಡುತ್ತೇನೆ.

ಹೊಸಬರಿಗೆ ಎರಡೇ ಮಾತು. ಕೋವಿಡ್ ತರದ ವೈರಸ್ ಎಷ್ಟು ಜನರಿಗೆ ಬಂದು ಹೋಗಿದೆ ಅಂತ ರಕ್ತದಲ್ಲಿ ಆಂಟಿಬಾಡಿ (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್) ನೋಡಿ ಅಳೆಯುತ್ತಾರಲ್ವಾ, ಆ ಸಮೀಕ್ಷೆಯ ಆಟದ ಮಾದರಿ ಇದು. ರಕ್ತ ಇಲ್ಲ, ಸೂಜಿ ಇಲ್ಲ. ಮಣಿ ಅಂದ್ರೆ ಒಬ್ಬ ಕಾರ್ಮಿಕ. ಬೆಂಕಿಪೊಟ್ಟಣ ಅಂದ್ರೆ ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನ ಒಂದು ಟ್ರಾಲ್ ಬೋಟು (ದೊಡ್ಡ ಬಲೆ ಎಳೆದು ಮೀನು ಹಿಡಿಯುವ ಬೋಟು). 60 ಪೊಟ್ಟಣ, ಒಂದೊಂದರಲ್ಲಿ 10 ಮಣಿ. 600ರಲ್ಲಿ 180 ಕೆಂಪು, ಅಂದರೆ 30 ಪರ್ಸೆಂಟ್ ಜನರಿಗೆ ಸೋಂಕು ಬಂದು ಹೋಗಿದೆ. ಸರಿ ಉತ್ತರ ನಮಗೆ ಮೊದಲೇ ಗೊತ್ತು. ಹಾಗಾಗಿ ಸಮೀಕ್ಷೆ ಎಷ್ಟು ದಾರಿ ತಪ್ಪುತ್ತದೆ ಅಂತ ಕಣ್ಣಾರೆ ನೋಡಬಹುದು.

ಮೊದಲು ಮಣಿಯ ಗೋಳು. ಆನ್‌ಲೈನ್‌ನಲ್ಲಿ ಎರಡೂ ಬಣ್ಣಕ್ಕೆ 6 ಮಿಲಿಮೀಟರ್ ಅಂತಲೇ ಆರ್ಡರ್ ಮಾಡಿದ್ದೆ. ಬಿಳಿ ಸರಿಯಾಗಿ ಬಂತು, ಕೆಂಪು ಮಾತ್ರ 8 ಬಂತು. ಫೋನ್ ಮಾಡಿದರೆ ‘ಮಾಲೆ ಮಾಡೋಕೆ ಇದೂ ಆಗುತ್ತೆ ಮೇಡಂ’ ಅಂದರು. ಮಾಲೆಗೆ ಆಗುತ್ತದೆ. ಆದರೆ ಕಣ್ಣು ಮುಚ್ಚಿ ಬಟ್ಟಲಿಗೆ ಕೈ ಹಾಕಿದರೆ ದಪ್ಪ ಮಣಿಯೇ ಮೊದಲು ಬೆರಳಿಗೆ ಸಿಗುತ್ತದೆ. 60 ತೆಗೆದರೆ 18ರ ಆಸುಪಾಸು ಕೆಂಪು ಬರಬೇಕು. ನನಗೆ 25, 27, 24 ಬಂತು. ನಿಜವಾದ ಸಮೀಕ್ಷೆಯಲ್ಲೂ ಇದೇ ಕಾಟ: ಧಕ್ಕೆಯ (ಬೋಟು ಕಟ್ಟುವ ಕಟ್ಟೆ) ಮೇಲೆ ಯಾರು ಎದುರಿಗೆ ಸಿಗುತ್ತಾರೋ ಅವರನ್ನೇ ಹಿಡಿದು ಪರೀಕ್ಷೆ ಮಾಡಿದರೆ, ಬಲೆ ಎಳೆದು ಸುಸ್ತಾಗಿ ಕ್ಯಾಬಿನ್‌ನಲ್ಲಿ ಮಲಗಿದವನು ಲೆಕ್ಕಕ್ಕೇ ಬರುವುದಿಲ್ಲ. ಕೊನೆಗೆ ಬಿಳಿ ಮಣಿಗೇ ಅಕ್ಕನ ಮಗಳ ನೇಲ್ ಪಾಲಿಶ್ ಹಚ್ಚಿದೆ. ಜೂನ್ ತಿಂಗಳ ಕಾರವಾರದಲ್ಲಿ ಏನು ತಾನೇ ಒಣಗುತ್ತದೆ? ಎರಡು ದಿನ ಫ್ಯಾನ್ ಕೆಳಗೆ ಇಡಬೇಕಾಯಿತು. ಆಮೇಲೆ ಬಟ್ಟಲಿಂದ ತೆಗೆದರೆ 17, 19, 18. ಸರಿಹೋಯಿತು.

ಈಗ ಅಸಲಿ ಕಥೆ. ಮಣಿಗಳನ್ನು ಬಟ್ಟಲಿನಿಂದ ಪೊಟ್ಟಣಕ್ಕೆ ಹಾಕುವಾಗ ಹೇಗೆ ಹಂಚಲಿ ಅಂತ ಭಾವನನ್ನು ಕೇಳಿದೆ. ಭಾವ ತಾಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ, ಇಪ್ಪತ್ತು ವರ್ಷದಿಂದ ಬೋಟಿನಲ್ಲಿ ಇದ್ದವರು. ‘ಒಬ್ಬನಿಗೆ ಬಂತು ಅಂದ್ರೆ ಇಡೀ ಬೋಟಿಗೆ ಬಂತು ಅಂತ್ಲೇ ಲೆಕ್ಕ ಮಾಡು. ಮಲಗೋದು ಒಂದೇ ಕ್ಯಾಬಿನ್, ಉಣ್ಣೋದು ಒಂದೇ ಪಾತ್ರೆ’ ಅಂದರು. ಹಾಗಾಗಿ 12 ಬೋಟಿಗೆ ಎಂಟೆಂಟು ಕೆಂಪು ಹಾಕಿದೆ, 18 ಬೋಟಿಗೆ ನಾಲ್ಕು ನಾಲ್ಕು, 12 ಬೋಟಿಗೆ ಒಂದೊಂದು, ಉಳಿದ 18 ಬೋಟು ಪೂರ್ತಿ ಬಿಳಿ. ಕೂಡಿಸಿ ನೋಡಿ, 180 ಆಗುತ್ತದೆ.

ಆಮೇಲೆ ಚೀಟಿ ಎತ್ತಿ 6 ಬೋಟು ಆರಿಸಿ, ಅವುಗಳಲ್ಲಿದ್ದ 60 ಜನರನ್ನೂ ‘ಪರೀಕ್ಷೆ’ ಮಾಡಿದೆ. ಕೆಂಪು 9. ಅಂದರೆ 15 ಪರ್ಸೆಂಟ್. ಇನ್ನೊಮ್ಮೆ ಮಾಡಿದೆ, 26. ಮತ್ತೆ 17, ಆಮೇಲೆ 30, ಆಮೇಲೆ 11. ಒಂದು ಸಲ ಊರಲ್ಲಿ ಅರ್ಧ ಜನರಿಗೆ ಬಂದಿದೆ ಅನ್ನುತ್ತದೆ, ಇನ್ನೊಂದು ಸಲ ಏನೂ ಜಾಸ್ತಿ ಇಲ್ಲ ಅನ್ನುತ್ತದೆ. ಮಣಿ ಅದೇ, ಪೊಟ್ಟಣ ಅದೇ. ಬಟ್ಟಲಲ್ಲಿ ನೆಟ್ಟಗಿದ್ದ ಲೆಕ್ಕ ಪೊಟ್ಟಣಕ್ಕೆ ಹೋದ ಕೂಡಲೇ ಹುಚ್ಚು ಹಿಡಿದ ಹಾಗೆ ಕುಣಿಯತೊಡಗಿತು. ಚೀಟಿ ಸರಿಯಾಗಿ ಕಲಸಿಲ್ಲ ಅಂದುಕೊಂಡು ಹೊಸ ಚೀಟಿ ಮಾಡಿದೆ. ಪಾಲಿಶ್ ಅಂಟುತ್ತಿದೆಯೇನೋ ಅಂತ ಮಣಿ ತೊಳೆದೆ. ಟೆಸ್ಟಿನ ತಪ್ಪನ್ನು ತೋರಿಸಲು ಇಟ್ಟುಕೊಂಡ ಹತ್ತು ಮುಖದ ದಾಳಗಳನ್ನು ಅನುಮಾನಿಸಿ 300 ಸಲ ಉರುಳಿಸಿದೆ. ಅವು ಪಾಪ, ಸರಿಯಾಗೇ ಇದ್ದವು.

ದಾಳದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಪುಣೆಯ ಎನ್‌ಐವಿ (ರಾಷ್ಟ್ರೀಯ ವೈರಾಣು ಸಂಸ್ಥೆ) 2020ರಲ್ಲಿ ತಯಾರಿಸಿದ ಕೋವಿಡ್ ಕವಚ್ ಅನ್ನುವ ಆಂಟಿಬಾಡಿ ಪರೀಕ್ಷೆಯ ಎಲೈಸಾ ಕಿಟ್‌ನ ಅಂಕಿಗಳನ್ನೇ ತೆಗೆದುಕೊಂಡೆ: ಸೋಂಕು ಬಂದ 100 ಜನರಲ್ಲಿ ಸುಮಾರು 92 ಜನರನ್ನು ಹಿಡಿಯುತ್ತದೆ, ಬಾರದ 100 ಜನರಲ್ಲಿ ಇಬ್ಬರನ್ನು ಸುಮ್ನೆ ಪಾಸಿಟಿವ್ ಅನ್ನುತ್ತದೆ. ನಿಜ 30 ಇದ್ದರೆ ಕಿಟ್ 29 ತೋರಿಸುತ್ತದೆ. ಕಿಟ್‌ನ ತಪ್ಪನ್ನು ಸರಿಪಡಿಸಲು ರೋಗನ್ ಮತ್ತು ಗ್ಲಾಡೆನ್ 1978ರಲ್ಲಿ ಕೊಟ್ಟ ಸೂತ್ರ ಹಾಕಿದರೆ, 29ರಲ್ಲೂ 92ರಲ್ಲೂ ಆ ಸುಳ್ಳು 2 ಕಳೆದು, 0.27 ಭಾಗಿಸು 0.90, ಪುನಃ 30. ಅಂದರೆ ಇಲ್ಲಿ ಕಿಟ್‌ನಿಂದ ಅಂಥ ಹಾನಿ ಇಲ್ಲ. ಸೋಂಕು ತೀರಾ ಕಡಿಮೆ ಇದ್ದಾಗ ಕಥೆ ಬೇರೆ. 2020ರ ಮೇ-ಜೂನ್‌ನಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಿಕ್ಕಿದ್ದು 0.73 ಪರ್ಸೆಂಟ್. ಅಂಥ ಕಡೆ 10,000 ಜನರಲ್ಲಿ ನಿಜವಾದವರು 73, ಇಂಥ ಕಿಟ್‌ನ ಸುಳ್ಳು ಪಾಸಿಟಿವ್ 200ರ ಹತ್ತಿರ. ಅಲ್ಲಿ ಕಿಟ್ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು.

ಸರಿ, ನನ್ನ ಪೊಟ್ಟಣಕ್ಕೆ ಬರೋಣ. 30 ಬಂದ ಸಲದ ಆರು ಪೊಟ್ಟಣ ಟೇಬಲ್ ಮೇಲೆ ಹಾಗೇ ಇತ್ತು. ಒಂದೊಂದೇ ತೆರೆದು ಸಾಲಾಗಿ ಇಟ್ಟೆ. 8, 8, 8, 4, 1, 1. ಮೊದಲ ಮೂರು ಪೊಟ್ಟಣ ಕೆಂಪಗೆ ತುಂಬಿ ನಿಂತಿದ್ದವು, ಬಿಳಿ ಮಣಿ ಮೂಲೆಯಲ್ಲಿ ಎರಡೆರಡು. ಅಷ್ಟೇ ಸಾಕಾಯಿತು. ನಾನು 60 ಜನರನ್ನು ಕೇಳಿದೆ ಅಂದುಕೊಂಡಿದ್ದೆ, ಕೇಳಿದ್ದು 6 ಬೋಟನ್ನು. ಒಂದು ಬೋಟಿನ ಒಬ್ಬನನ್ನು ನೋಡಿದ ಮೇಲೆ ಅದೇ ಬೋಟಿನ ಹತ್ತನೆಯವನು ಹೊಸದೇನನ್ನೂ ಅಷ್ಟಾಗಿ ಹೇಳುವುದಿಲ್ಲ. ಭಾವ ಹೇಳಿದ್ದೂ ಇದನ್ನೇ.

ಲೆಕ್ಕ ಹಾಕಿದೆ. ನನ್ನ ಪೊಟ್ಟಣಗಳಲ್ಲಿ ಒಂದೇ ಬೋಟಿನವರ ಹೋಲಿಕೆ 0.36 ಬರುತ್ತದೆ (0 ಅಂದರೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ, 1 ಅಂದರೆ ಬೋಟಿನವರೆಲ್ಲ ಒಂದೇ ಥರ). ತಲಾ 10 ಜನ ಅಂದರೆ ಒಬ್ಬನಿಗೆ 1, ಉಳಿದ 9 ಜೊತೆಗಾರರಿಗೆ ಆ ಹೋಲಿಕೆ: 1 ಕೂಡಿಸು 9 ಗುಣಿಸು 0.36, ಸುಮಾರು 4.2. ಗುಂಪಾಗಿ ಆರಿಸಿದ್ದರಿಂದ ಮಾಹಿತಿ ಇಷ್ಟು ಪಟ್ಟು ಕಡಿಮೆ. ಈಗ 60ನ್ನು 4.2ರಿಂದ ಭಾಗಿಸಿ: 14. 60 ಜನರ ಕೈಗೆ ಸೂಜಿ ಚುಚ್ಚಿ, 14 ಜನರಷ್ಟು ಮಾಹಿತಿ! ಅದೇ 60 ಜನರನ್ನು 30 ಬೋಟಿನಿಂದ ಇಬ್ಬಿಬ್ಬರಂತೆ ತೆಗೆದರೆ ಜೊತೆಗಾರ ಒಬ್ಬನೇ, 1.36ರಿಂದ ಭಾಗಿಸಿದರಾಯಿತು. ಆಗ 44 ಜನರಷ್ಟು ಬೆಲೆ.

ನಿನ್ನೆ ರಾತ್ರಿ ಅದನ್ನೇ ಮಾಡಿದೆ. 30 ಪೊಟ್ಟಣ, ಇಬ್ಬಿಬ್ಬರು. 16, 20, 18, 22, 15. ಎಲ್ಲವೂ 25ರಿಂದ 37 ಪರ್ಸೆಂಟ್ ಒಳಗೆ! ಇನ್ನೂ ಐದು ಸಲ ಮಾಡುವಷ್ಟರಲ್ಲಿ ಒಂದು ಗಂಟೆ ಆಗಿತ್ತು, ಲೆಕ್ಕ ಅಲ್ಲಾಡಲಿಲ್ಲ. ತಿರುಗಾಟ ಜಾಸ್ತಿ, ನಿಜ. 6 ಬೋಟಿನ ಬದಲು 30 ಬೋಟು ಹತ್ತಿ ಇಳಿಯಬೇಕು. ಆದರೆ ಚುಚ್ಚಿಸಿಕೊಳ್ಳುವವರ ಸಂಖ್ಯೆ ಅಷ್ಟೇ.

ಇದರ ಮೇಲೆ ಇಷ್ಟು ಹಟ ಯಾಕೆ ಅಂದರೆ, ದುಡಿಯುವವರು ಒಟ್ಟಿಗೆ ಬದುಕುತ್ತಾರೆ. 2020ರ ಜುಲೈನಲ್ಲಿ ಮುಂಬೈನ ಮೂರು ವಾರ್ಡುಗಳಲ್ಲಿ ನೋಡಿದಾಗ ಕೊಳೆಗೇರಿಗಳಲ್ಲಿ 57 ಪರ್ಸೆಂಟ್ ಜನರಲ್ಲಿ ಆಂಟಿಬಾಡಿ ಇತ್ತು, ಉಳಿದ ಕಡೆ 16. ಸಿಂಗಾಪುರದ ಡಾರ್ಮಿಟರಿಗಳಲ್ಲಿದ್ದ ವಲಸೆ ಕಾರ್ಮಿಕರಲ್ಲಿ ಆ ವರ್ಷದ ಕೊನೆಗೆ 47 ಪರ್ಸೆಂಟ್ ಜನರಿಗೆ ಸೋಂಕು ಬಂದಿತ್ತು. ಇಡೀ ಊರಿನ ಸರಾಸರಿಯಲ್ಲಿ ಇವರು ಮುಚ್ಚಿಹೋಗುತ್ತಾರೆ. ಅದು ನನಗೆ ನಿಜಕ್ಕೂ ಸಂಕಟ ಆಗುವ ವಿಷಯ. ಕೆಮ್ಮುತ್ತಲೇ ಐಸ್ ಹೊತ್ತವರನ್ನು ನಾನೇ ನೋಡಿದ್ದೇನೆ.

ಕ್ಯಾಬಿನ್ ಅಂದ ಕೂಡಲೇ ಇನ್ನೊಂದು ಯೋಚನೆ ಹತ್ತಿದೆ. ಮುಂದಿನ ಪ್ರಾಜೆಕ್ಟ್ ಬೋಟಿನ ಕ್ಯಾಬಿನ್‌ಗೆ ಕಾರ್ಬನ್ ಡೈಆಕ್ಸೈಡ್ ಮೀಟರ್. ಹೊರಗಿನ ಗಾಳಿ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು) ಆಸುಪಾಸು, ನಾವು ಬಿಡುವ ಉಸಿರು 38,000. ಒಳಗೆ 2,300 ತೋರಿಸಿತು ಅಂದರೆ ಎಳೆಯುವ ಗಾಳಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. ಸೆನ್ಸರ್ ಕೊಳ್ಳುವವರು ತಾನಾಗೇ ಕ್ಯಾಲಿಬ್ರೇಟ್ ಆಗುವುದನ್ನು ಮೊದಲು ಆಫ್ ಮಾಡಿ. ಅದು ತನಗೆ ಸಿಕ್ಕ ಕನಿಷ್ಠ ಅಂಕಿಯನ್ನೇ ಹೊರಗಿನ ಗಾಳಿ ಅಂದುಕೊಳ್ಳುತ್ತದೆ, ಮುಚ್ಚಿದ ಕ್ಯಾಬಿನ್‌ನಲ್ಲಿ ಮೋಸ ಆಗುತ್ತದೆ. ಉಪ್ಪು ಗಾಳಿಗೆ ಬೋರ್ಡ್ ಎಷ್ಟು ದಿನ ತಡೆಯುತ್ತದೋ ನೋಡಬೇಕು.

ಅದಕ್ಕೂ ಮೊದಲು ಮಣಿಯಲ್ಲೇ ಒಂದು ಗಂಟು ಬಾಕಿ ಇದೆ. ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ಬಂದ್. ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು ಊರಿಗೆ ಹೋಗಿದ್ದಾರೆ. ಈಗ ಬೈತಖೋಲದಲ್ಲಿ ಸಮೀಕ್ಷೆ ಮಾಡಿದರೆ ಸಿಗುವುದು ಇಲ್ಲಿಯವರು ಮಾತ್ರ. ಊರಿಗೆ ಹೋದವರಲ್ಲಿ ಕೆಂಪು ಜಾಸ್ತಿ ಇದ್ದರೆ? ಪ್ರತಿ ಪೊಟ್ಟಣದಿಂದ ನಾಲ್ಕು ಮಣಿ ತೆಗೆದು ಬೇರೆ ಡಬ್ಬಿಗೆ ಹಾಕಿಟ್ಟಿದ್ದೇನೆ. ಭಾನುವಾರ ಭಾವ ಊಟಕ್ಕೆ ಬರುತ್ತಾರೆ, ಯಾವ ಬೋಟಿನಿಂದ ಎಷ್ಟು ಜನ ಹೋಗುತ್ತಾರೆ ಅಂತ ಅವರನ್ನೇ ಕೂರಿಸಿ ಕೇಳಿ, ಆ ಪ್ರಕಾರ ಮತ್ತೆ ತುಂಬುತ್ತೇನೆ.